ಕುಡಿದವನಿಗೂ ಒಬ್ಬ ವಕೀಲ ಬೇಕು



ತಲೆಬರಹವನ್ನು ಕಂಡೊಡನೆ ನಿಮ್ಮಲ್ಲಿ ಕೆಲವರಿಗಾದರೂ ಅಚ್ಚರಿಯಾಗಿರಬಹುದು. ಮೂರು ದಶಕಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಮದ್ಯಪಾನದ ಕೇಡನ್ನು ಬೋಧಿಸಿದ ಮಾಸ್ತರರು ನಿವೃತ್ತಿಯ ಬಳಿಕ ಕುಡುಕರ ವಕಾಲತ್ತು ವಹಿಸಲು ಹೊರಟರೇ ಎಂದು ನೀವು ಕೇಳಬಹುದು. ಹಾಗೇನೂ ಇಲ್ಲ. ಮದ್ಯವನ್ನು ನಾನು ಮುಟ್ಟಿದವನಲ್ಲ. ಮುಟ್ಟಿರೆಂದು ಯಾರಿಗೂ ಹೇಳುವವನೂ ಅಲ್ಲ. ನನ್ನ ತಕರಾರು ಕುಡಿತದ ಕುರಿತಾದುದಲ್ಲ, ಕುಡಿದು ಸಿಕ್ಕಿಬಿದ್ದವನಿಗೆ ನಮ್ಮ ಊರು ಕೊಡುವ ಸಲಹೆಯ ಕುರಿತಾದುದು.

ಆ ಸಲಹೆ ಯಾವುದೆಂದು ನಿಮಗೂ ಗೊತ್ತು. ಜಾತ್ರೆಯ ಗದ್ದಲದಲ್ಲೋ, ಕಂಬಳದ ಗದ್ದೆಯ ಬದಿಯಲ್ಲೋ, ಮೆಹಂದಿಯ ಚಪ್ಪರದ ಹಿಂದೆಯೋ ಒಬ್ಬ ಹುಡುಗ ಬಾಟಲಿಯೊಂದಿಗೆ ಪೊಲೀಸರ ಕೈಗೆ ಸಿಕ್ಕಿದ ಎನ್ನಿ. ಊರಿನ ಪುಢಾರಿಗಳಿಂದ ಹಿಡಿದು ಅವನ ಸ್ವಂತ ಮಾವನವರೆಗೆ ಎಲ್ಲರ ಬಾಯಿಯಲ್ಲೂ ಒಂದೇ ಮಾತು: ‘ಎಂತ ಮಾರಾಯ, ಕೋರ್ಟಿನಲ್ಲಿ ತಪ್ಪಾಯಿತು ಅಂತ ಹೇಳು, ಐನೂರೋ ಸಾವಿರವೋ ಬಿಸಾಡಿ ಬಾ. ವಕೀಲರಿಗೆ ಯಾಕೆ ದುಡ್ಡು ಹಾಕುವುದು?’ ಈ ಸಲಹೆ ಉದಾರವಾಗಿ ಕಾಣುತ್ತದೆ, ವ್ಯವಹಾರಜ್ಞಾನದಂತೆ ಕೇಳಿಸುತ್ತದೆ. ಆದರೆ ಇದು ಅಜ್ಞಾನದ ಸಲಹೆ, ಬಡವನ ಪಾಲಿಗೆ ಅನ್ಯಾಯದ ಸಲಹೆ. ಇದನ್ನು ಸ್ಪಷ್ಟವಾಗಿ ಹೇಳುವವರು ಯಾರೂ ಇಲ್ಲದ್ದರಿಂದ ನಾನಾದರೂ ಹೇಳುತ್ತೇನೆ.

ನಮ್ಮ ಪರ್ಕಳವು ಮಣಿಪಾಲಕ್ಕೂ ಹಿರಿಯಡಕಕ್ಕೂ ನಡುವೆ ಹೆದ್ದಾರಿಯ ಅಂಚಿನಲ್ಲಿರುವ ಊರು. ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ದೇಶವಿದೇಶಗಳ ವಿದ್ಯಾರ್ಥಿಗಳಿಂದ ತುಂಬಿದ ಮಣಿಪಾಲ. ಪೂರ್ವಕ್ಕೆ ಹೊರಟರೆ ದೈವಸ್ಥಾನ, ಗದ್ದೆ, ಬಯಲಾಟಗಳ ಹಳ್ಳಿನಾಡು. ದೀಪಾವಳಿ ಕಳೆದು ಪತ್ತನಾಜೆ ಬರುವವರೆಗೆ ಇಲ್ಲಿ ಜನ ಸೇರದ ರಾತ್ರಿಯೇ ಇಲ್ಲ. ನೇಮ, ಕೋಲ, ಕಂಬಳ, ಜಾತ್ರೆ, ಆಟ, ಮದುವೆಯ ಮುನ್ನಾ ರಾತ್ರಿಯ ಮೆಹಂದಿ. ಎರಡು ವರ್ಷಗಳಿಗೊಮ್ಮೆ ಜನವರಿ 18ರ ಪರ್ಯಾಯಕ್ಕೆ, ಪ್ರತಿ ವರ್ಷ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಂಥ ಸಂದರ್ಭಗಳಲ್ಲಿ ಜಿಲ್ಲಾಡಳಿತವು ಮದ್ಯ ಮಾರಾಟ ನಿಷೇಧದ ಆದೇಶವನ್ನು ಹೊರಡಿಸುವುದುಂಟು. ಆದರೂ ಮರುದಿನದ ಪತ್ರಿಕೆಯ ಮೂಲೆಯಲ್ಲಿ ‘ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ: ಪ್ರಕರಣ ದಾಖಲು’ ಎಂಬ ನಾಲ್ಕು ಸಾಲಿನ ಸುದ್ದಿ ತಪ್ಪುವುದಿಲ್ಲ. ನಾವು ಆ ನಾಲ್ಕು ಸಾಲನ್ನು ಓದಿ ‘ಸರಿಯಾಯಿತು’ ಎಂದು ಪುಟ ತಿರುವುತ್ತೇವೆ. ಐದನೆಯ ಸಾಲಿನಲ್ಲಿ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಮೊದಲಿಗೆ ನಮ್ಮ ಸರ್ಕಾರದ ದ್ವಂದ್ವವನ್ನು ಒಂದಿಷ್ಟು ನೋಡೋಣ. ನಮ್ಮ ದಕ್ಷಿಣ ಕನ್ನಡವು ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1948ರ ಹೊತ್ತಿಗೆ ಆ ಪ್ರಾಂತ್ಯದ ಎಲ್ಲ ಜಿಲ್ಲೆಗಳಲ್ಲೂ ಪಾನನಿರೋಧ ಜಾರಿಗೆ ಬಂದಾಗ ನಮ್ಮ ಜಿಲ್ಲೆಯೂ ಅದರೊಳಗಿತ್ತು. ಬಳಿಕ ರಾಜ್ಯಗಳ ಪುನರ್ವಿಂಗಡಣೆಯಾಯಿತು, 1965ರ ಅಬಕಾರಿ ಕಾಯ್ದೆ ಬಂತು, ನಿರೋಧ ಹೋಯಿತು, ಗಡಂಗುಗಳು ತೆರೆದವು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಬಡವನು ಸಾರಾಯಿ ಬಿಟ್ಟು ಬಾಟಲಿಯ ಮದ್ಯಕ್ಕೆ ತಿರುಗಿದ. ಸಂವಿಧಾನದ 47ನೆಯ ವಿಧಿಯು ಮಾದಕ ಪಾನೀಯಗಳನ್ನು ನಿಷೇಧಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಅದೇ ರಾಜ್ಯವು 2025–26ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ! ಮಾರುವಾಗ ಬೊಕ್ಕಸಕ್ಕೆ ಲಾಭ, ಕುಡಿದವನನ್ನು ಹಿಡಿದಾಗ ದಂಡವೂ ಬೊಕ್ಕಸಕ್ಕೆ. ಮಂಗನಿಗೆ ಹೆಂಡ ಕುಡಿಸಿ, ಅದು ಕುಣಿಯಿತೆಂದು ಬೆತ್ತ ಹಿಡಿದಂತೆ. ಕೊರಗಜ್ಜನಂಥ ದೈವದ ಮುಂದೆ ಮದ್ಯವೂ ನೈವೇದ್ಯವಾಗುವ ಈ ನಾಡಿನಲ್ಲಿ, ಅದೇ ಬಾಟಲಿಯು ಹತ್ತು ಮಾರು ಆಚೆ ರಸ್ತೆಯ ಬದಿಯಲ್ಲಿ ತೆರೆದರೆ ಅಪರಾಧವಾಗುತ್ತದೆ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಹಾಗೆಂದು ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಜಾತ್ರೆಗೆ ಮಗುವನ್ನು ಹೆಗಲ ಮೇಲೆ ಹೊತ್ತು ಬಂದವನಿಗೆ, ಸಂಜೆಯ ನಂತರ ಒಬ್ಬಳೇ ಮನೆಗೆ ಮರಳುವ ಹೆಣ್ಣುಮಗಳಿಗೆ ಕುಡುಕರ ಕಾಟವಿರಕೂಡದು. ಆದರೆ ಕಾನೂನು ಎಂಬುದು ಒಂದೇ ಗೆರೆಯಲ್ಲ. ಕುಡಿತದ ಅಪರಾಧವೆಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಕಾನೂನಿನ ಪುಸ್ತಕದಲ್ಲಿ ನಾಲ್ಕೈದು ಬೇರೆ ಬೇರೆ ಅಪರಾಧಗಳು.

ಅಮಲೇರಿ ಸಾರ್ವಜನಿಕ ಸ್ಥಳದಲ್ಲಿ ಪರರಿಗೆ ಕಿರಿಕಿರಿ ಮಾಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮು. ಶಿಕ್ಷೆ ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಗಳ ಸಾದಾ ಸಜೆ, ಇಲ್ಲವೆ 1,000 ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ, ಅಥವಾ ಸಮುದಾಯ ಸೇವೆ. 1860ರ ಹಳೆಯ ದಂಡ ಸಂಹಿತೆಯ 510ನೆಯ ಕಲಮಿನಲ್ಲಿ ಇದೇ ಅಪರಾಧಕ್ಕೆ ಇದ್ದ ದಂಡದ ಮಿತಿ ಹತ್ತು ರೂಪಾಯಿ! 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬರುವವರೆಗೂ ಪುಸ್ತಕದಲ್ಲಿ ಆ ಹತ್ತು ರೂಪಾಯಿಯೇ ಇತ್ತು. ಗಲಾಟೆಯೇನೂ ಮಾಡದೆ ಸಾರ್ವಜನಿಕ ಸ್ಥಳದಲ್ಲಿ ಕುಳಿತು ಕುಡಿದರೆ ಕರ್ನಾಟಕ ಅಬಕಾರಿ ಕಾಯ್ದೆಯ 15(ಎ) ಕಲಮು. ಬೈಕು ಏರಿದರೆ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು: ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಮೊದಲ ಸಲ ಆರು ತಿಂಗಳವರೆಗಿನ ಸಜೆ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಗೆಳೆಯರೆಲ್ಲರ ಪರವಾಗಿ ಒಬ್ಬನೇ ಚೀಲದಲ್ಲಿ ಮಿತಿಮೀರಿ ಬಾಟಲಿ ತಂದಿದ್ದರೆ ಅವನು ಅಕ್ರಮ ಸಾಗಾಟಗಾರ, ಅಕ್ರಮ ದಾಸ್ತಾನುಗಾರ ಎನಿಸಿಕೊಂಡು ವರ್ಷಗಟ್ಟಲೆಯ ಸೆರೆವಾಸದ ಕಲಮಿಗೆ ಗುರಿಯಾಗಬಹುದು. ಇನ್ನು ಅಮಲಿನಲ್ಲಿ ಪೊಲೀಸರ ಕೈಯನ್ನು ತಳ್ಳಿದನೆನ್ನಿ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಬಲಪ್ರಯೋಗದಿಂದ ಅಡ್ಡಿಪಡಿಸಿದ 132ನೆಯ ಕಲಮು ಸೇರಿಕೊಂಡು, ಎರಡು ವರ್ಷದವರೆಗಿನ ಶಿಕ್ಷೆಯ, ಜಾಮೀನು ಹಕ್ಕಾಗಿ ದೊರೆಯದ ಅಪರಾಧವಾಯಿತು.

ಬಾಟಲಿ ಒಂದೇ, ರಾತ್ರಿ ಒಂದೇ, ಹುಡುಗನೂ ಒಬ್ಬನೇ. ಆದರೆ ಠಾಣೆಯ ಕಾಗದದಲ್ಲಿ ಬರೆಯುವ ಸಂಖ್ಯೆಯೊಂದು ಅವನ ಹಣೆಬರಹವನ್ನು ನಿರ್ಧರಿಸುತ್ತದೆ. ಆ ಸಂಖ್ಯೆಯನ್ನು ಓದಿ ಅರ್ಥ ಹೇಳಬಲ್ಲವನೇ ವಕೀಲ. ಅವನಿಲ್ಲದೆ ‘ತಪ್ಪಾಯಿತು’ ಎನ್ನುವುದೆಂದರೆ ಯಾವ ತಪ್ಪು ಎಂದು ತಿಳಿಯದೆಯೇ ಸಹಿ ಹಾಕಿದಂತೆ.

ಈಗ ‘ಐನೂರು ಬಿಸಾಡಿ ಬಾ’ ಎಂಬ ಮಾತಿಗೆ ಬರುತ್ತೇನೆ. ಟಿಕೇಟಿಲ್ಲದೆ ಬಸ್ಸು ಹತ್ತಿದವನು ಸ್ಥಳದಲ್ಲೇ ಕಟ್ಟುವ ದಂಡವೂ, ನ್ಯಾಯಾಧೀಶರ ಮುಂದೆ ಅಪರಾಧ ಒಪ್ಪಿಕೊಂಡು ಕಟ್ಟುವ ದಂಡವೂ ಒಂದೇ ಎಂದು ನಮ್ಮವರು ತಿಳಿದಿದ್ದಾರೆ. ಒಂದೇ ಅಲ್ಲ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಕಟ್ಟಿದ ದಂಡವು ಶಿಕ್ಷೆ. ಆ ಕ್ಷಣದಿಂದ ಅವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿ. ರಸೀದಿಯನ್ನು ಹರಿದು ಎಸೆದರೂ ದಾಖಲೆ ಹರಿಯುವುದಿಲ್ಲ.

ನನ್ನಲ್ಲಿ ಕಲಿತ ಹುಡುಗನೊಬ್ಬನ ಕತೆಯನ್ನು ಹೇಳುತ್ತೇನೆ. ಹೆಸರು, ಊರು ಬೇಡ. ಓದಿನಲ್ಲಿ ಸಾಧಾರಣ, ಆದರೆ ಕೈಕೆಲಸದಲ್ಲಿ ಜಾಣ. ಐಟಿಐ ಮುಗಿಸಿ ವೈರಿಂಗ್ ಕೆಲಸ ಮಾಡಿಕೊಂಡಿದ್ದ. ಒಂದು ಜಾತ್ರೆಯ ರಾತ್ರಿ ಗೆಳೆಯರೊಂದಿಗೆ ಮೈದಾನದ ಅಂಚಿನಲ್ಲಿ ಕುಳಿತಿದ್ದಾಗ ಸಿಕ್ಕಿಬಿದ್ದ. ಎಲ್ಲರೂ ಹೇಳಿದಂತೆ ಒಪ್ಪಿಕೊಂಡು ದಂಡ ಕಟ್ಟಿ ಮನೆಗೆ ಬಂದ. ಮೂರು ವರ್ಷಗಳ ನಂತರ ಕೊಲ್ಲಿ ದೇಶದಲ್ಲಿ ಕೆಲಸ ಸಿಕ್ಕಿತು. ಪೊಲೀಸ್ ಪ್ರಮಾಣಪತ್ರ ಬೇಕೆಂದರು. ಆ ಹಳೆಯ ಪ್ರಕರಣ ಎದ್ದು ಕುಳಿತಿತು. ಅದರ ವಿವರಣೆ, ಓಡಾಟ, ಪತ್ರವ್ಯವಹಾರ ಮುಗಿಯುವಷ್ಟರಲ್ಲಿ ಆ ಕೆಲಸ ಬೇರೊಬ್ಬರ ಪಾಲಾಗಿತ್ತು. ‘ಸರ್, ದಂಡ ಕಟ್ಟಿದರೆ ಮುಗಿಯಿತು ಅಂತ ಎಲ್ಲರೂ ಹೇಳಿದ್ದರಲ್ಲ?’ ಎಂದು ಅವನು ನನ್ನ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ. ಹೇಳಿದವರ ಪೈಕಿ ಒಬ್ಬರೂ ಆ ದಿನ ಅವನ ಜತೆಗಿರಲಿಲ್ಲ.

ಅವನಿಗೆ ವಕೀಲರಿದ್ದಿದ್ದರೆ ಏನು ಮಾಡಬಹುದಿತ್ತು? ಬಹಳ ಮಾಡಬಹುದಿತ್ತು. 1958ರ ಅಪರಾಧಿಗಳ ಪರಿವೀಕ್ಷಾ ಕಾಯ್ದೆ ಎಂಬುದೊಂದಿದೆ. ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲದ ಅಪರಾಧವನ್ನು ಮೊದಲ ಬಾರಿಗೆ ಮಾಡಿದವನನ್ನು, ಸಂದರ್ಭವನ್ನು ನೋಡಿ, ದಂಡವನ್ನೂ ಹಾಕದೆ ಬರಿಯ ಎಚ್ಚರಿಕೆ ಕೊಟ್ಟು ಬಿಡಲು ಅದರ 3ನೆಯ ಕಲಮು ನ್ಯಾಯಾಧೀಶರಿಗೆ ಅಧಿಕಾರ ಕೊಡುತ್ತದೆ. ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಗಳು ತಟ್ಟುವುದಿಲ್ಲವೆಂದು 12ನೆಯ ಕಲಮು ಹೇಳುತ್ತದೆ. ಆದರೆ ಕೇಳುವವನಿಲ್ಲದಿದ್ದರೆ ಕೊಡುವವರಿಗೆ ನೆನಪಾಗುವುದು ಹೇಗೆ? ಅಳದ ಮಗುವಿಗೆ ತಾಯಿಯೂ ಹಾಲೂಡುವುದಿಲ್ಲ ಎಂಬ ಮಾತು ನ್ಯಾಯಾಲಯಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ‘ಬಂಧನವಾಗಿದೆಯೇ, ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆಗೆ ಹೆದರಿ ‘ಇಲ್ಲ’ ಎಂದು ಬರೆದು ಕೆಲಸ ಕಳೆದುಕೊಂಡವರೂ ಇದ್ದಾರೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತೀರ ಕ್ಷುಲ್ಲಕ ಪ್ರಕರಣವಾದರೆ ಮುಚ್ಚಿಟ್ಟದ್ದನ್ನು ಮನ್ನಿಸುವ ವಿವೇಚನೆ ನೌಕರಿ ಕೊಡುವವರಿಗಿದೆ ಎಂದು ಹೇಳಿತು. ಮನ್ನಿಸುವುದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಆದುದರಿಂದ ಇದ್ದದ್ದನ್ನು ಇದ್ದಂತೆ ಬರೆಯುವುದೇ ಲೇಸು. ಬರೆಯುವ ಮೊದಲು ಕಾನೂನು ಬಲ್ಲವರನ್ನು ಕೇಳುವುದು ಇನ್ನೂ ಲೇಸು.

‘ಕುಡಿದದ್ದಂತೂ ನಿಜವಲ್ಲವೇ, ವಕೀಲರು ಬಂದು ಅದನ್ನು ಸುಳ್ಳು ಮಾಡಬೇಕೇ?’ ಎಂದು ಸಜ್ಜನರೊಬ್ಬರು ನನ್ನನ್ನು ಕೇಳಿದರು. ನಿಜವೋ ಅಲ್ಲವೋ ಎಂಬುದನ್ನು ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರದ್ದು. ಬಾಯಿಯಿಂದ ವಾಸನೆ ಬರುತ್ತದೆ, ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ ಎಂಬಷ್ಟರಿಂದಲೇ, ರಕ್ತ ಮೂತ್ರಗಳ ಪರೀಕ್ಷೆಯಿಲ್ಲದೆ, ಒಬ್ಬನು ಕುಡಿದಿದ್ದನೆಂದು ತೀರ್ಮಾನಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1971ರಷ್ಟು ಹಿಂದೆಯೇ, ಮಹಾರಾಷ್ಟ್ರದ ಬಚೂಭಾಯಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ತೀರ ಹತ್ತಿರದ ಉದಾಹರಣೆ ಬೇಕೆಂದರೆ ಕನ್ನಡದ ನೆಲವೇ ಆದ ಕಾಸರಗೋಡಿನ ಬದಿಯಡ್ಕಕ್ಕೆ ಬನ್ನಿ. 2013ರಲ್ಲಿ ಅಲ್ಲಿ ಆರೋಪಿಯೊಬ್ಬನನ್ನು ಗುರುತಿಸಲೆಂದು ಠಾಣೆಗೆ ಕರೆಸಲ್ಪಟ್ಟ ಗ್ರಾಮ ಸಹಾಯಕರೊಬ್ಬರ ಮೇಲೆಯೇ, ಕುಡಿದು ಬಂದಿದ್ದಾರೆಂದು ಪ್ರಕರಣ ದಾಖಲಾಯಿತು. ಅವರು ದಂಡ ಕಟ್ಟಿ ಸುಮ್ಮನಾಗಲಿಲ್ಲ. ಕೇರಳ ಉಚ್ಚ ನ್ಯಾಯಾಲಯವು 2021ರ ನವೆಂಬರಿನಲ್ಲಿ ಆ ಪ್ರಕರಣವನ್ನು ರದ್ದುಗೊಳಿಸಿತು. ಬರಿಯ ವಾಸನೆಯು ಅಮಲಿಗೆ ಸಾಕ್ಷಿಯಲ್ಲ, ಪರರಿಗೆ ತೊಂದರೆ ಕೊಡದೆ ಖಾಸಗಿ ಜಾಗದಲ್ಲಿ ಕುಡಿಯುವುದು ಅಪರಾಧವಾಗದು ಎಂದು ಹೇಳಿತು. ಕೇರಳದ ಕಾಯ್ದೆ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೆ ಅಪರಾಧದ ಪ್ರತಿಯೊಂದು ಅಂಗವನ್ನೂ ಸಾಬೀತು ಮಾಡಬೇಕೆಂಬ ನಿಯಮ ಎರಡೂ ಕಡೆ ಒಂದೇ.

ವಕೀಲರು ಬೇಕೆಂಬುದು ಕುಡುಕನ ರಕ್ಷಣೆಗೆ ಮಾತ್ರವೂ ಅಲ್ಲ. ಕುಡಿದು ವಾಹನ ಓಡಿಸುವವನನ್ನು ನಾನು ಕೊಲೆಗಡುಕನಿಗಿಂತ ಹೆಚ್ಚು ಕಡಿಮೆಯೆಂದು ತಿಳಿದವನಲ್ಲ. ಆದರೆ ಹಾಗೆ ಬಂಧಿಸಿದವನನ್ನು ಎರಡು ಗಂಟೆಗಳೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಡುಗಡೆ ಮಾಡಬೇಕೆಂದು ಮೋಟಾರು ವಾಹನ ಕಾಯ್ದೆಯ 202ನೆಯ ಕಲಮೇ ಹೇಳುತ್ತದೆ. ಪ್ರಶ್ನಿಸುವವರಿದ್ದಾರೆಂದು ತಿಳಿದಲ್ಲಿ ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಕಾಗದ ನೆಟ್ಟಗಾಗುತ್ತದೆ, ನಿಜವಾದ ತಪ್ಪಿತಸ್ಥನಿಗೆ ಶಿಕ್ಷೆ ನಿಲ್ಲುತ್ತದೆ. ಯಾರೂ ಕೇಳುವುದಿಲ್ಲವೆಂದು ತಿಳಿದಲ್ಲಿ ನಿರಪರಾಧಿಗೆ ದಂಡವೂ ಅಪರಾಧಿಗೆ ಮುಕ್ತಿಯೂ ಒಟ್ಟೊಟ್ಟಿಗೆ ದೊರೆಯುತ್ತವೆ.

ಹಾಗಾದರೆ ಸಿಕ್ಕಿಬಿದ್ದವನು ಮಾಡಬೇಕಾದುದೇನು? ಪಾಠ ಹೇಳುವ ಹಳೆಯ ಅಭ್ಯಾಸವನ್ನು ಬಿಡಲಾರೆ. ಕ್ರಮವಾಗಿಯೇ ಹೇಳಿಬಿಡುತ್ತೇನೆ.

ಒಂದನೆಯದು, ವಾದ ಬೇಡ, ಓಟ ಬೇಡ, ಕೈ ತಳ್ಳುವುದಂತೂ ಬೇಡವೇ ಬೇಡ. ಸಣ್ಣ ಪ್ರಕರಣವು ದೊಡ್ಡದಾಗುವುದು ಬಾಟಲಿಯಿಂದಲ್ಲ, ಬಾಯಿಯಿಂದ. ‘ಕುಡಿದಿದ್ದೆ, ಗೊತ್ತಾಗಲಿಲ್ಲ’ ಎಂಬುದು ಸಮರ್ಥನೆಯೂ ಆಗದು. ತಾನಾಗಿಯೇ ಕುಡಿದವನಿಗೆ ಕಾನೂನು ಆ ರಿಯಾಯಿತಿಯನ್ನು ಕೊಡುವುದಿಲ್ಲ.

ಎರಡನೆಯದು, ನಿಜವಾದ ಹೆಸರನ್ನೂ ವಿಳಾಸವನ್ನೂ ಕೊಡಿ. ನಾಚಿಕೆಯಿಂದ ಸುಳ್ಳು ಹೆಸರು ಹೇಳುವವರೇ ಹೆಚ್ಚು. ಮೇಲೆ ಹೇಳಿದ 355ನೆಯ ಕಲಮೊಂದೇ ಆದರೆ ಅದಕ್ಕಾಗಿ ವಾರಂಟಿಲ್ಲದೆ ಬಂಧಿಸುವಂತಿಲ್ಲ. ಆದರೆ ಹೆಸರು, ವಿಳಾಸ ಕೊಡದವನನ್ನು ಅಥವಾ ಸುಳ್ಳು ಹೇಳಿದವನನ್ನು ಅವು ಖಚಿತವಾಗುವವರೆಗೆ ಬಂಧಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 39ನೆಯ ಕಲಮು ಅವಕಾಶ ಕೊಡುತ್ತದೆ.

ಮೂರನೆಯದು, ಯಾವ ಕಲಮಿನ ಅಡಿಯಲ್ಲಿ ಹಿಡಿದಿದ್ದೀರೆಂದು ವಿನಯದಿಂದ ಕೇಳಿ. ಬಂಧನದ ಕಾರಣವನ್ನು ತಿಳಿಸಬೇಕು, ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು, ಇಪ್ಪತ್ತನಾಲ್ಕು ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದ 22ನೆಯ ವಿಧಿ. ಆ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 6ರ ತೀರ್ಪಿನಲ್ಲಿ ಎಲ್ಲ ಅಪರಾಧಗಳಿಗೂ ಅನ್ವಯವಾಗುವಂತೆ ಹೇಳಿದೆ. ಭಾಷೆಯ ಈ ಮಾತು ನಮ್ಮ ಊರಿಗೆಂದೇ ಹೇಳಿದಂತಿದೆ. ಮಣಿಪಾಲದಲ್ಲಿ ಓದುವ ಬಿಹಾರದ ಹುಡುಗನಿಗೆ ಕನ್ನಡ ಬಾರದು. ತುಳು ಮಾತಾಡುವ ನಮ್ಮ ಕೂಲಿಕಾರನಿಗೆ ಇಂಗ್ಲಿಷಿನ ಕಾಗದ ಬರಿಯ ಕಾಗದ.

ನಾಲ್ಕನೆಯದು, ಮನೆಯವರಿಗೆ ತಿಳಿಸಿರೆಂದು ಕೇಳಿ. ಬಂಧಿತನು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಅಪ್ಪನಿಗೆ ಹೆದರಿ ಸುಮ್ಮನಿರುವ ಹುಡುಗರಿಗೆ ನನ್ನ ಮಾತು: ಅಪ್ಪನ ಬೈಗುಳ ಒಂದು ವಾರದ್ದು, ದಾಖಲೆ ಬಹುಕಾಲದ್ದು. ಹೆಣ್ಣುಮಕ್ಕಳಾದರೆ, ಅಸಾಧಾರಣ ಸಂದರ್ಭವನ್ನುಳಿದು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ; ಅಂಥ ಸಂದರ್ಭದಲ್ಲೂ ಮಹಿಳಾ ಅಧಿಕಾರಿಯೂ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯೂ ಬೇಕು.

ಐದನೆಯದು, ಓದದೆ ಸಹಿ ಹಾಕಬೇಡಿ. ತನಿಖೆಯ ವೇಳೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಪಡೆಯಕೂಡದೆಂದು ಕಾನೂನೇ ಹೇಳುತ್ತದೆ; ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಬಂಧನದ ಪತ್ರಕ್ಕೋ ಜಾಮೀನು ಮುಚ್ಚಳಿಕೆಗೋ ಸಹಿ ಬೇಕಾಗುತ್ತದೆ, ನಿಜ. ಅದನ್ನೂ ಓದಿಸಿ ಕೇಳಿಯೇ ಹಾಕಿ.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ವಕೀಲರನ್ನು ಕಾಣುವವರೆಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಡಿ. ‘ವಕೀಲರಿಗೆ ಕೊಡಲು ಹಣವಿಲ್ಲ’ ಎಂಬವರು ಕೇಳಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಅವರ ಆದಾಯ ಎಷ್ಟೇ ಇರಲಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಬಂಧನವಾಗದಿದ್ದರೂ ಇದೆ. 15100 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಉಡುಪಿಯ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಬಹುದು. ಕಾನೂನು ನೆರವಿನ ಹಕ್ಕನ್ನು ತಿಳಿಸದೆ ಬಡವನಿಗೆ ಕೊಟ್ಟ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 1986ರ ಸುಕ್ ದಾಸ್ ಪ್ರಕರಣದಲ್ಲಿ ರದ್ದುಪಡಿಸಿದೆ.

ಹಿರಿಯರಿಗೂ ಒಂದು ಮಾತು. ಮೆಹಂದಿಯ ಸಂಭ್ರಮದಲ್ಲಿ ಹದಿನಾರು ಹದಿನೇಳರ ಹುಡುಗನ ಕೈಗೆ ‘ಒಂದು ಗುಟುಕು ಹಾಕು’ ಎಂದು ಲೋಟ ಕೊಡುವ ಮಾವಂದಿರೇ, ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಏಳು ವರ್ಷಗಳವರೆಗಿನ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವೂ ಇದೆ. ಹದಿನೆಂಟು ತುಂಬದವನು ಮಗುವೇ. ಆ ಹುಡುಗ ಸಿಕ್ಕಿಬಿದ್ದರೆ ಅವನನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ. ಲೋಟ ಕೊಟ್ಟ ಮಾವನನ್ನು ಇಡಬಹುದು!

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸನ್ನು ಕೊರೆಯುವ ಸಂಗತಿ ಇನ್ನೊಂದಿದೆ. ಸಿಕ್ಕಿಬಿದ್ದವರೆಲ್ಲರೂ ದಂಡ ಕಟ್ಟುತ್ತಾರೆಯೇ? ಕಾರಿನಲ್ಲಿ ಬಂದವನಿಗಾಗಿ ಒಂದು ಫೋನು ಬರುತ್ತದೆ. ‘ನಮ್ಮ ಹುಡುಗ, ಬಿಟ್ಟುಬಿಡಿ’ ಎಂಬ ಮಾತು ಮುಗಿಯುವಷ್ಟರಲ್ಲಿ ಅವನು ಮನೆ ಸೇರಿರುತ್ತಾನೆ. ಫೋನು ಮಾಡುವವರಿಲ್ಲದವನಿಗೆ ‘ಐನೂರು ಬಿಸಾಡಿ ಬಾ’ ಎಂಬ ಉಪದೇಶ. ಆ ಐನೂರು ಅವನ ಒಂದು ದಿನದ ದುಡಿಮೆ. ನ್ಯಾಯಾಲಯಕ್ಕೆ ಹೋದ ದಿನದ ಕೂಲಿಯೂ ಹೋಯಿತು. 2021ರ ಡಿಸೆಂಬರ್ 27ರ ರಾತ್ರಿ ನಮ್ಮದೇ ಜಿಲ್ಲೆಯ ಕೋಟತಟ್ಟಿನ ಕೊರಗ ಸಮುದಾಯದ ಮನೆಯೊಂದರ ಮೆಹಂದಿಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ದೂರು ಇದ್ದುದು ಡಿಜೆಯ ಸದ್ದಿನ ಬಗ್ಗೆ. ಬಂದದ್ದು ಲಾಠಿ, ಮದುಮಗನಿಗೂ ಏಟು ಬಿತ್ತು. ಠಾಣಾಧಿಕಾರಿಯ ಅಮಾನತಾಯಿತು, ಮಂತ್ರಿಗಳು ಬಂದು ಹೋದರು. ಅದು ಮದ್ಯದ ಪ್ರಕರಣವಲ್ಲ. ಆದರೂ ಅದನ್ನು ಇಲ್ಲಿ ಹೇಳಲು ಕಾರಣವಿದೆ. ಊರಿನ ಸಿರಿವಂತರ ಮೆಹಂದಿಗಳಲ್ಲಿ ಡಿಜೆ ಎಷ್ಟು ಹೊತ್ತಿನವರೆಗೆ ಬಾರಿಸುತ್ತದೆಂದು ನಮ್ಮೆಲ್ಲರ ಕಿವಿಗಳಿಗೂ ಗೊತ್ತಿದೆ. ಅಲ್ಲಿಗೆ ಲಾಠಿ ಹೋದದ್ದನ್ನು ನಾನು ಕೇಳಿಲ್ಲ. ಸಣ್ಣ ಅಪರಾಧಗಳ ಕಾನೂನು ಎತ್ತ ವಾಲುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಬೇರೆ ನಾಡಿನಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಪಂದ್ಯದಲ್ಲೋ ಸಂಗೀತೋತ್ಸವದಲ್ಲೋ ಕುಡಿದು ಗದ್ದಲ ಮಾಡಿ ಬಂಧನಕ್ಕೊಳಗಾದವನಿಗೂ, 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯಂತೆ, ಠಾಣೆಯಲ್ಲೇ ವಕೀಲರ ಸಲಹೆ ಪಡೆಯುವ ಹಕ್ಕಿದೆ. ಸರದಿಯ ಮೇಲೆ ಕರ್ತವ್ಯದಲ್ಲಿರುವ ವಕೀಲರ ಸಲಹೆ ಉಚಿತ. ಅದರಿಂದ ಅಲ್ಲಿ ಕುಡುಕರ ರಾಜ್ಯವೇನೂ ಸ್ಥಾಪನೆಯಾಗಿಲ್ಲ. ಇತ್ತ ನಮ್ಮದೇ ದೇಶದ ಬಿಹಾರವು 2016ರಲ್ಲಿ ಸಂಪೂರ್ಣ ಪಾನನಿರೋಧವನ್ನು ತಂದು ಕುಡಿದವರನ್ನೆಲ್ಲ ಜೈಲಿಗೆ ತುಂಬಲು ಹೊರಟಿತು. ನ್ಯಾಯಾಲಯಗಳು ಜಾಮೀನು ಅರ್ಜಿಗಳಿಂದ ಕಟ್ಟಿಕೊಂಡವು. ಕಡೆಗೆ 2022ರಲ್ಲಿ ಕಾಯ್ದೆಯನ್ನು ತಿದ್ದಿ, ಮೊದಲ ಸಲ ಕುಡಿದು ಸಿಕ್ಕವನನ್ನು ದಂಡ ಕಟ್ಟಿಸಿ ಬಿಡುವ ವ್ಯವಸ್ಥೆ ಮಾಡಬೇಕಾಯಿತು. ಹಿಡಿಯುವುದು ಸುಲಭ, ಹಿಡಿದ ಮೇಲೆ ನ್ಯಾಯ ಕೊಡುವುದಕ್ಕೆ ಸಿದ್ಧತೆ ಬೇಕು.

ಆದುದರಿಂದ ನನ್ನ ಬೇಡಿಕೆಗಳು ಹೆಚ್ಚೇನೂ ಇಲ್ಲ. ಪರ್ಯಾಯ, ವಿಟ್ಲಪಿಂಡಿ, ದೊಡ್ಡ ಜಾತ್ರೆ, ಕಂಬಳಗಳ ರಾತ್ರಿ ಪೊಲೀಸರ ಹೊರಠಾಣೆ ತೆರೆಯುವಂತೆ, ಆಂಬುಲೆನ್ಸು ನಿಲ್ಲಿಸುವಂತೆ, ಕಾನೂನು ಸೇವೆಗಳ ಪ್ರಾಧಿಕಾರದ ಒಬ್ಬ ವಕೀಲರೂ ಕರೆದರೆ ಬರುವಷ್ಟು ಹತ್ತಿರದಲ್ಲಿರಲಿ. ಪ್ರತಿ ಠಾಣೆಯ ಗೋಡೆಯ ಮೇಲೆ ಬಂಧಿತನ ಹಕ್ಕುಗಳೂ 15100 ಸಂಖ್ಯೆಯೂ ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿ ಕಣ್ಣಿಗೆ ರಾಚುವಂತಿರಲಿ. ಮಣಿಪಾಲ, ಉಡುಪಿ, ಕಾರ್ಕಳದ ಕಾಲೇಜುಗಳು ವರ್ಷಾರಂಭದಲ್ಲಿ ಮಾದಕ ವ್ಯಸನದ ವಿರುದ್ಧ ಭಾಷಣ ಏರ್ಪಡಿಸುವಾಗ ವಕೀಲರೊಬ್ಬರಿಗೆ ಅರ್ಧ ಗಂಟೆ ಬಿಟ್ಟುಕೊಡಲಿ. ಜಾತ್ರಾ ಸಮಿತಿ, ಕಂಬಳ ಸಮಿತಿಗಳು ತಮ್ಮ ಸೂಚನಾಫಲಕದಲ್ಲಿ ‘ಮದ್ಯಪಾನ ನಿಷೇಧ’ ಎಂದು ಬರೆಯುವ ಕೆಳಗೆ, ಎಲ್ಲಿಂದ ಎಲ್ಲಿಯವರೆಗೆ ನಿಷೇಧ, ಮೀರಿದರೆ ಏನಾಗುತ್ತದೆ ಎಂಬುದನ್ನೂ ಎರಡು ಸಾಲು ಬರೆಯಲಿ. ಇವ್ಯಾವುದಕ್ಕೂ ಹೊಸ ಕಾಯ್ದೆ ಬೇಡ. 40,000 ಕೋಟಿ ನಿರೀಕ್ಷಿಸುವ ಸರ್ಕಾರಕ್ಕೆ ಇದರ ಖರ್ಚು ಒಂದು ಹೊರೆಯೂ ಅಲ್ಲ.

ನ್ಯಾಯಾಲಯಕ್ಕೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಭೂಮಿಯ ವ್ಯಾಜ್ಯಗಳನ್ನು ಕಂಡು ಕಟ್ಟಿದರು. ಅದನ್ನೇ ಹಿಡಿದುಕೊಂಡು ಇಪ್ಪತ್ತರ ಹುಡುಗನನ್ನು ಆಡದೆಯೇ ಸೋಲಿಸುವುದು ವಿವೇಕವಲ್ಲ. ಕುಡಿಯಬೇಡವೆಂದು ಅವನಿಗೆ ಹೇಳೋಣ. ಗಟ್ಟಿಯಾಗಿ, ಮತ್ತೆ ಮತ್ತೆ ಹೇಳೋಣ. ಕೇಳದೆ ಕುಡಿದು ಸಿಕ್ಕಿಬಿದ್ದರೆ, ತಪ್ಪು ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಶಿಕ್ಷೆಯಾಗಲಿ ಎನ್ನೋಣ. ತೂಕಕ್ಕಿಂತ ಹೆಚ್ಚು ತೂಗಿದ ಅಂಗಡಿಯವನನ್ನು ನಾವು ಬಿಡುವುದಿಲ್ಲ. ಶಿಕ್ಷೆಯ ತಕ್ಕಡಿಯ ಮಟ್ಟಿಗೆ ಮಾತ್ರ ‘ಬಿಸಾಡಿ ಬಾ’ ಎನ್ನುತ್ತೇವೆ.

ಈ ಪತ್ತನಾಜೆಯೊಳಗೆ ನಿಮ್ಮ ನೆರೆಕರೆಯ ಯಾವನಾದರೂ ಹುಡುಗ ಹೀಗೆ ಸಿಕ್ಕಿಬಿದ್ದರೆ, ಓದುಗರೇ, ದಯವಿಟ್ಟು ಆ ಹಳೆಯ ಸಲಹೆಯನ್ನು ಕೊಡಬೇಡಿ. 15100 ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಸಾಧ್ಯವಾದರೆ ಜತೆಗೆ ಹೋಗಿ.